ಗೆರೆ ಬೇಡ ಅಂದ್ರೆ ಸಾಲದು, ಬೇರೆ ಗೆರೆ ಎಳೆದು ಕೊಡಿ

ಪ್ರಶ್ನೆ: ಸರ್, ನಾವಿರೋದು ಬೆಂಗಳೂರು ಪಶ್ಚಿಮ ನಗರ ಪಾಲಿಕೆಯಲ್ಲಿ. 2025ರ ವಾರ್ಡ್ ಮರುವಿಂಗಡಣೆಯಲ್ಲಿ ನಮ್ಮ ರಸ್ತೆಯ ಮಧ್ಯಕ್ಕೇ ಗೆರೆ ಎಳೆದುಬಿಟ್ಟಿದ್ದಾರೆ. ಬಲಗಡೆ ಮನೆಗಳು ಒಂದು ವಾರ್ಡ್, ಎಡಗಡೆಯವು ಇನ್ನೊಂದು. ವರ್ಷಗಟ್ಟಲೆ ಓಡಾಡಿ ನಾವು ಉಳಿಸಿಕೊಂಡ ಪಾರ್ಕ್ ಆ ಕಡೆ ಹೋಯಿತು. ನಮ್ಮ ಕಡೆ ಉಳಿದಿದ್ದು ಕಸದ ಆಟೊ ನಿಲ್ಲೋ ಜಾಗ. ಕರಡು ಬಂದಾಗ ಸುಮ್ನೆ ಕೂರಲಿಲ್ಲ. ಒಂದು ಪತ್ರ ಬರೆದು 212 ಜನರ ಸಹಿ ಹಾಕಿಸಿ ಕೊಟ್ಟೆವು. ಅಂತಿಮ ಪಟ್ಟಿಯಲ್ಲಿ ಅದೇ ಗೆರೆ, ಒಂದಿಂಚೂ ಅಲ್ಲಾಡಿಲ್ಲ. ನಮ್ಮ ಪತ್ರ ಯಾರಾದರೂ ಓದಿದರಾ? 2011ರ ಜನಸಂಖ್ಯೆ ಇಟ್ಟುಕೊಂಡು ಗೆರೆ ಎಳೆಯೋದು ಯಾವ ನ್ಯಾಯ? ಇದೆಲ್ಲಾ ಯಾರನ್ನೋ ಸೋಲಿಸೋಕೆ ಮಾಡಿದ್ದು ಅಂತಾರೆ, ನಿಜಾನಾ? ಖಾತಾ, ರೇಷನ್ ಕಾರ್ಡ್ ಎಲ್ಲಾ ಬದಲಾಯಿಸಬೇಕು ಅಂತ ಬೀದಿಯಲ್ಲಿ ಒಬ್ಬರು ಹೇಳ್ತಿದ್ದಾರೆ. ಕೋರ್ಟಿಗೆ ಹೋಗಬಹುದಾ? ಕೊನೆಯದಾಗಿ, ನಮ್ಮಕ್ಕ ಇರೋ ಊರಿನ ಪುರಸಭೆಗೆ ಪಕ್ಕದ ಹಳ್ಳಿಗಳನ್ನು ಸೇರಿಸಿದ್ದಾರೆ, ಅಲ್ಲೂ ವಾರ್ಡ್ ಮಾಡ್ತಾರಂತೆ. ಅವರಾದರೂ ನಮ್ಮ ಹಾಗೆ ಮೋಸ ಹೋಗಬಾರದು. ಏನು ಮಾಡಬೇಕು ಹೇಳಿ.

ಉತ್ತರ: ಮೇಡಂ, ಮೊದಲ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಪತ್ರ ಓದಿರುತ್ತಾರೆ. ಓದಿ ಪಕ್ಕಕ್ಕೆ ಇಟ್ಟಿರುತ್ತಾರೆ.

ನಾನು ಪಾಲಿಕೆಯ ಕಂದಾಯ ಶಾಖೆಯಲ್ಲಿ ಸೇವೆ ಮುಗಿಸಿದವನು. ಎರಡು ಊರುಗಳಲ್ಲಿ ಈ ಗೆರೆ ಎಳೆಯುವ ಕೆಲಸಕ್ಕೆ ನನ್ನನ್ನೂ ಕೂರಿಸಿದ್ದರು. ಆಕ್ಷೇಪಣೆ ಬಂದ ಮೇಲೆ ಕಚೇರಿಯೊಳಗೆ ಆಗೋದು ಇಷ್ಟು. ಟಪಾಲು ಶಾಖೆಯವರು ನಂಬರ್ ಹಾಕಿ ರಿಜಿಸ್ಟರಿಗೆ ಏರಿಸುತ್ತಾರೆ. ಆಮೇಲೆ ಕಟ್ಟು ಕಟ್ಟುತ್ತಾರೆ. ವಾರ್ಡಿನ ಹೆಸರು ಬದಲಿಸಿ ಅನ್ನೋದು ಒಂದು ಕಟ್ಟು. ಮೀಸಲಾತಿ ಬಗ್ಗೆ ಬರೆದದ್ದು ಇನ್ನೊಂದು ಕಟ್ಟು, ಅದನ್ನು ಬಿಚ್ಚುವುದೂ ಇಲ್ಲ, ಯಾಕಂದರೆ ಮೀಸಲಾತಿಗೆ ಬೇರೆ ಅಧಿಸೂಚನೆ, ಬೇರೆ ಆಕ್ಷೇಪಣೆ, ಬೇರೆ ದಿನಾಂಕ. ಗಡಿ ಬಗ್ಗೆ ಬಂದದ್ದು ಮೂರನೇ ಕಟ್ಟು, ಎಲ್ಲಕ್ಕಿಂತ ದಪ್ಪ. ಒಂದೇ ಪತ್ರಕ್ಕೆ 212 ಸಹಿ ಇದ್ದರೂ ರಿಜಿಸ್ಟರಿನಲ್ಲಿ ಅದು ಒಂದೇ ಸಾಲು. ಆ ಸಾಲಿನ ಕೊನೆಗೆ ಷರಾ ಅಂತ ಒಂದು ಕಾಲಂ. ಅಲ್ಲಿ ಕೂತ ಗುಮಾಸ್ತನಿಗೆ ಬೇಕಾಗಿರೋದು ಒಂದೇ, ಇವರು ಹೇಳಿದ ಹಾಗೆ ಗೆರೆ ಸರಿಸಿದರೆ ಲೆಕ್ಕ ಕೂಡುತ್ತಾ ಇಲ್ಲವಾ. ಪತ್ರದಲ್ಲಿ ಲೆಕ್ಕವೇ ಇಲ್ಲದಿದ್ದರೆ 'ಪರಿಶೀಲಿಸಿದೆ, ಅವಕಾಶವಿಲ್ಲ' ಅಂತ ಬರೆದು ಮುಂದಿನದಕ್ಕೆ ಹೋಗುತ್ತಾನೆ. ಅವನದು ಉದ್ಧಟತನ ಅಲ್ಲ, ಅವನ ಮೇಜಿನ ಮೇಲೆ ಇನ್ನೂ ನೂರಾರು ಇರುತ್ತವೆ, ದಿನ ಕಡಿಮೆ.

ಆ ದಿನಗಳ ಕಥೆಯನ್ನೂ ನೋಡಿ. ಆ ಸಲದ ಕರಡು ಹೊರಬಿದ್ದದ್ದು 2025ರ ಸೆಪ್ಟೆಂಬರ್ 30ಕ್ಕೆ. ಮಾರನೇ ದಿನ ಆಯುಧಪೂಜೆ, ಅದರ ಮಾರನೇ ದಿನ ವಿಜಯದಶಮಿ. ಆಕ್ಷೇಪಣೆಗೆ ಕೊನೇ ದಿನ ಅಕ್ಟೋಬರ್ 15. ಅರ್ಧ ಬೆಂಗಳೂರು ಊರಿಗೆ ಹೋಗಿತ್ತು, ಉಳಿದರ್ಧ ಗಾಡಿ ತೊಳೆದು ಕುಂಬಳಕಾಯಿ ಒಡೆಯುತ್ತಿತ್ತು. ನೀವು ಅಷ್ಟರಲ್ಲಿ 212 ಸಹಿ ಮಾಡಿಸಿದ್ದೇ ದೊಡ್ಡದು. ನವೆಂಬರ್ 19ಕ್ಕೆ ಅಂತಿಮ ಪಟ್ಟಿ ಬಂತು. ಹಳೇ ಬಿಬಿಎಂಪಿ ಒಡೆದು ಮಾಡಿದ ಐದೂ ಪಾಲಿಕೆ ಸೇರಿ ಕರಡಿನಲ್ಲಿ 368 ವಾರ್ಡ್ ಇದ್ದದ್ದು ಅಂತಿಮದಲ್ಲಿ 369 ಆಯಿತು, ಆ ಹೆಚ್ಚಿನ ಒಂದು ಬಂದದ್ದು ನಿಮ್ಮ ಪಶ್ಚಿಮಕ್ಕೇ, 111 ಇದ್ದದ್ದು 112.

ಈಗ ನಿಮ್ಮ ರಸ್ತೆಯ ವಿಚಾರ. ಇಲ್ಲಿ ಸ್ವಲ್ಪ ಬೇಜಾರಾಗುವ ಮಾತು ಹೇಳಬೇಕು. ರಸ್ತೆ ಮಧ್ಯೆ ಗೆರೆ ಎಳೆದರು ಅನ್ನೋದೇ ತಪ್ಪಲ್ಲ. ವಾರ್ಡಿನ ಗೆರೆ ಹೋಗುವುದೇ ರಸ್ತೆಯ ಮೇಲೆ, ರಾಜಕಾಲುವೆ ಮೇಲೆ, ರೈಲ್ವೆ ಹಳಿ ಮೇಲೆ. ಇಲ್ಲದಿದ್ದರೆ ಯಾರದೋ ಅಡುಗೆಮನೆ ಮಧ್ಯೆ ಹೋಗಬೇಕು. ಗೆಜೆಟ್ಟಿನಲ್ಲಿ ಪ್ರತಿ ವಾರ್ಡಿಗೂ ಚಕ್ಕುಬಂದಿ ಬರೆದಿರುತ್ತಾರಲ್ಲ, ಉತ್ತರಕ್ಕೆ ಇಂಥ ಮುಖ್ಯರಸ್ತೆ, ಪೂರ್ವಕ್ಕೆ ಇಂಥ ಕಾಲುವೆ ಅಂತ, ಅಲ್ಲಿ ಹೆಸರು ಬಂದ ಪ್ರತಿ ರಸ್ತೆಯೂ ನಿಮ್ಮ ರಸ್ತೆಯ ಹಾಗೆ ಎರಡು ವಾರ್ಡಿಗೆ ಹಂಚಿಹೋಗಿರುತ್ತದೆ. 'ನಮ್ಮ ರಸ್ತೆ ಒಡೆಯಬೇಡಿ' ಅಂತ ಬರೆದರೆ ಅಧಿಕಾರಿಗೆ ಕೇಳಿಸೋದು 'ಪಕ್ಕದ ರಸ್ತೆ ಒಡೆಯಿರಿ' ಅಂತಲೇ. ಆಗ ಪಕ್ಕದ ರಸ್ತೆಯವರು ಬರುತ್ತಾರೆ.

ಹಾಗಂತ ಎಲ್ಲಾ ಗೆರೆಯೂ ಸರಿ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ನೂರಡಿ ದೂರದಲ್ಲಿ ಡಿವೈಡರ್ ಇರುವ ಮುಖ್ಯರಸ್ತೆ ಇದ್ದಾಗ ಮೂವತ್ತಡಿ ಅಗಲದ ಅಡ್ಡರಸ್ತೆಯ ಮೇಲೆ ಗೆರೆ ಯಾಕೆ ಬಂತು? ಜನ ದಿನಾ ದಾಟುವ ರಸ್ತೆ ಯಾವುದು, ದಾಟೋಕೆ ಹೆದರುವ ರಸ್ತೆ ಯಾವುದು? ಗೆರೆ ಇರಬೇಕಾದದ್ದು ಎರಡನೆಯದರ ಮೇಲೆ.

ಯಾಕೆ ಬಂತು ಅಂತ ತಿಳಿಯಬೇಕಾದರೆ ಒಳಗಿನ ಲೆಕ್ಕ ಗೊತ್ತಿರಬೇಕು. ಕಷ್ಟದ್ದೇನೂ ಅಲ್ಲ. ಮೊದಲು ಸರ್ಕಾರ ವಾರ್ಡುಗಳ ಸಂಖ್ಯೆ ನಿಗದಿ ಮಾಡುತ್ತೆ. ಇದು ಪೂರ್ತಿ ರಾಜಕೀಯ ತೀರ್ಮಾನ, ಬೆಂಗಳೂರಿನಲ್ಲೇ ನೋಡಿ: 2010 ಮತ್ತು 2015ರ ಚುನಾವಣೆ ನಡೆದದ್ದು 198 ವಾರ್ಡುಗಳಿಗೆ, 2022ರಲ್ಲಿ 243 ಮಾಡಿದರು, ಸರ್ಕಾರ ಬದಲಾದ ಮೇಲೆ 2023ರಲ್ಲಿ 225 ಮಾಡಿದರು, ಆ ಎರಡಕ್ಕೂ ಚುನಾವಣೆಯೇ ನಡೆಯಲಿಲ್ಲ, ಈಗ 369. ಮುಂಬೈಯಲ್ಲೂ 227 ಇದ್ದದ್ದನ್ನು 236 ಮಾಡಿ ಮತ್ತೆ 227ಕ್ಕೇ ಬಂದರು. ಸಂಖ್ಯೆ ಬಂದ ಮೇಲೆ ಒಟ್ಟು ಜನಸಂಖ್ಯೆಯನ್ನು ಅದರಿಂದ ಭಾಗಿಸುತ್ತಾರೆ. 2011ರ ಗಣತಿ ಪ್ರಕಾರ ಹಳೇ ಬಿಬಿಎಂಪಿ ವ್ಯಾಪ್ತಿಯ ಜನ ಸುಮಾರು 84.4 ಲಕ್ಷ. 369ರಿಂದ ಭಾಗಿಸಿದರೆ ವಾರ್ಡಿಗೆ 23 ಸಾವಿರದ ಹತ್ತಿರ. 198 ಇದ್ದಾಗ ಇದೇ ಲೆಕ್ಕ 42 ಸಾವಿರ ದಾಟುತ್ತಿತ್ತು.

ಇನ್ನು ಆ 23 ಸಾವಿರ ಜನರನ್ನು ಹೆಕ್ಕುವುದು ಮನೆ ಮನೆಯಾಗಿ ಅಲ್ಲ, ಗಣತಿ ಬ್ಲಾಕ್ ಲೆಕ್ಕದಲ್ಲಿ. ಜನಗಣತಿಗೆ ಒಬ್ಬ ಮೇಷ್ಟ್ರು ಓಡಾಡಿ ಮುಗಿಸಬಹುದಾದಷ್ಟು ಜಾಗವನ್ನು ಒಂದು ಬ್ಲಾಕ್ ಮಾಡಿರುತ್ತಾರೆ. ಹೆಚ್ಚುಕಡಿಮೆ 120ರಿಂದ 150 ಮನೆ, ಆರೇಳುನೂರು ಜನ. ಬ್ಲಾಕಿನೊಳಗೆ ಯಾವ ಬೀದಿಯಲ್ಲಿ ಎಷ್ಟು ಜನ ಅನ್ನೋ ಪಟ್ಟಿ ಗೆರೆ ಎಳೆಯುವವರ ಕೈಗೆ ಸಿಗುವುದಿಲ್ಲ. ಅದಕ್ಕೇ ಬ್ಲಾಕ್ ಒಡೆಯೋಕೆ ಹೆದರುತ್ತಾರೆ. ಮೂವತ್ತು, ಮೂವತ್ತೈದು ಬ್ಲಾಕ್ ಒಟ್ಟು ಮಾಡಿದರೆ ಒಂದು ವಾರ್ಡ್. ನಿಮ್ಮ ಅಡ್ಡರಸ್ತೆ 2011ರಲ್ಲಿ ಎರಡು ಬ್ಲಾಕುಗಳ ನಡುವಿನ ಗಡಿ ಆಗಿತ್ತು ಅಂತಿಟ್ಟುಕೊಳ್ಳಿ, ಮೂವತ್ತನೇ ಬ್ಲಾಕಿಗೆ ಲೆಕ್ಕ ತುಂಬಿತು, ಗೆರೆ ಅಲ್ಲೇ ನಿಂತಿತು. ಪಾರ್ಕ್ ಯಾರದು, ಜಗಳ ಆಡಿ ಉಳಿಸಿದ್ದು ಯಾರು ಅನ್ನೋದು ಆ ಪಟ್ಟಿಯಲ್ಲಿ ಇರಲ್ಲ. ಪಾರ್ಕಿನ ಜನಸಂಖ್ಯೆ ಸೊನ್ನೆ.

ಇದರ ಮೇಲೆ ಇನ್ನೊಂದು ಕಟ್ಟುಪಾಡು ಇದೆ. ಒಂದು ವಾರ್ಡ್ ಎರಡು ವಿಧಾನಸಭಾ ಕ್ಷೇತ್ರಕ್ಕೆ ಸೇರದ ಹಾಗೆ ನೋಡಿಕೊಳ್ಳೋದು ಬೆಂಗಳೂರಿನಲ್ಲಿ ನಡೆದುಬಂದ ಪದ್ಧತಿ. ನಿಮ್ಮ ರಸ್ತೆ ವಿಧಾನಸಭಾ ಕ್ಷೇತ್ರದ ಅಂಚಿನಲ್ಲಿದ್ದರೆ ಯಾವ ಪತ್ರ ಬರೆದರೂ ಆ ಗೆರೆ ಸರಿಯುವುದು ಕಷ್ಟ. ಇದನ್ನು ಮೊದಲೇ ನೋಡಿಕೊಂಡರೆ ಸುಮ್ನೆ ಸಹಿ ಹಾಕಿಸೋ ಶ್ರಮ ಉಳಿಯುತ್ತೆ.

2011 ಯಾವ ನ್ಯಾಯ ಅಂತ ಕೇಳಿದ್ದೀರಿ. ನ್ಯಾಯ ಅಲ್ಲ, ಆದರೆ ಕಾನೂನು. ಸಂವಿಧಾನದ 243ಪಿ ವಿಧಿಯಲ್ಲಿ ಜನಸಂಖ್ಯೆ ಅಂದರೆ ಏನು ಅಂತ ಬರೆದಿದೆ, ಅಂಕಿಅಂಶ ಪ್ರಕಟವಾಗಿರುವ ಕೊನೆಯ ಜನಗಣತಿಯ ಸಂಖ್ಯೆ ಅಂತ. 2021ರಲ್ಲಿ ಗಣತಿ ನಡೆಯಲೇ ಇಲ್ಲ, ಅದು 2027ಕ್ಕೆ ಹೋಗಿದೆ. ಹಾಗಾಗಿ ಯಾವ ಪಕ್ಷದ ಸರ್ಕಾರ ಇದ್ದರೂ 2011ರ ಪುಸ್ತಕವನ್ನೇ ತೆಗೆಯಬೇಕು. ಇದರಿಂದ ಆಗುವ ಅನ್ಯಾಯ ಮಾತ್ರ ನಿಜ. ಮಹದೇವಪುರ, ಕೆ.ಆರ್. ಪುರದ ಕಡೆ ಆಮೇಲೆ ಎದ್ದ ಅಪಾರ್ಟ್‌ಮೆಂಟುಗಳಲ್ಲಿ ಇರೋರು ಈ ಲೆಕ್ಕದಲ್ಲಿ ಹುಟ್ಟೇ ಇಲ್ಲ ಅನ್ನೋ ಹಾಗೆ. ಅವರಿರುವ ಪೂರ್ವ ಪಾಲಿಕೆಗೆ 50 ವಾರ್ಡ್, ನಿಮ್ಮ ಪಶ್ಚಿಮಕ್ಕೆ 112. ಹಳೇ ಬಡಾವಣೆಯಲ್ಲಿರುವ ನಿಮಗೆ ಈ ಹಳೇ ಪುಸ್ತಕದಿಂದ ಲಾಭವೇ ಜಾಸ್ತಿ ಆಗಿದೆ, ಬೇಜಾರು ಮಾಡ್ಕೋಬೇಡಿ. ಏನೇ ಇರಲಿ, 'ಈಗ ನಮ್ಮ ಕಡೆ ಇಷ್ಟು ಜನ ಇದ್ದಾರೆ' ಅಂತ ಆಕ್ಷೇಪಣೆಯಲ್ಲಿ ಬರೆದರೆ ಅದು ನಿಜವಾದರೂ ಉಪಯೋಗಕ್ಕೆ ಬರಲ್ಲ. ಅವರು ಅದನ್ನು ಲೆಕ್ಕಕ್ಕೆ ತಗೊಳ್ಳುವ ಹಾಗೇ ಇಲ್ಲ.

ಯಾರನ್ನೋ ಸೋಲಿಸೋಕೆ ಮಾಡಿದ್ದಾ? ಮಾಡೋದೇ ಇಲ್ಲ ಅಂತ ಹೇಳಿದರೆ ನನ್ನ ಹಳೇ ಸಹೋದ್ಯೋಗಿಗಳೇ ನಗುತ್ತಾರೆ. ಕರಡು ಹೊರಬೀಳುವ ಮೊದಲೇ ಅದು ಯಾರ್‍ಯಾರ ಮನೆಗೆ ಹೋಗಿ ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಒಂದು ಪಕ್ಷದ ಮತ ಜಾಸ್ತಿ ಇರುವ ಕೇರಿಯನ್ನು ಮೂರು ವಾರ್ಡಿಗೆ ಹಂಚಿ ತೆಳ್ಳಗೆ ಮಾಡೋದು, ಇಲ್ಲವೇ ಎಲ್ಲರನ್ನೂ ಒಂದೇ ವಾರ್ಡಿಗೆ ತುಂಬಿ ಉಳಿದ ನಾಲ್ಕನ್ನು ಸಲೀಸು ಮಾಡಿಕೊಳ್ಳೋದು, ಇವು ಹಳೇ ಕೈಚಳಕಗಳು. ಇನ್ನೊಂದಿದೆ, ಗೆರೆ ಸರಿದ ಕೂಡಲೇ ವಾರ್ಡಿನ ಪರಿಶಿಷ್ಟ ಜಾತಿ, ಪಂಗಡದ ಜನರ ಪ್ರಮಾಣ ಬದಲಾಗುತ್ತೆ, ಆಮೇಲೆ ಮೀಸಲಾತಿ ಪಟ್ಟಿ ಮಾಡುವಾಗ ಹಾಲಿ ಕಾರ್ಪೊರೇಟರ್ ತನ್ನ ಮನೆ ಇರುವ ವಾರ್ಡಿನಲ್ಲೇ ನಿಲ್ಲೋಕಾಗದೆ ಹೋಗಬಹುದು. ಆದರೆ ಒಂದು ಮಾತು. ಉದ್ದೇಶ ಏನಿತ್ತು ಅಂತ ಸಾಬೀತು ಮಾಡೋಕೆ ನಿಮ್ಮ ಕೈಲಿ ಆಗಲ್ಲ. ಆಕ್ಷೇಪಣೆಯಲ್ಲಿ 'ಶಾಸಕರ ಕುಮ್ಮಕ್ಕಿನಿಂದ' ಅಂತ ಒಂದು ಸಾಲು ಬರೆದರೆ ಪತ್ರ ಓದುವವನ ಕೈ ಅಲ್ಲೇ ನಡುಗುತ್ತೆ, ಅವನು ಅದನ್ನು ಮುಟ್ಟುವುದೇ ಇಲ್ಲ. ಅನುಮಾನ ಟೀ ಅಂಗಡಿಯಲ್ಲಿ ಇರಲಿ, ಪತ್ರದಲ್ಲಿ ಅಂಕಿ ಇರಲಿ.

ಖಾತಾ, ರೇಷನ್ ಕಾರ್ಡಿನ ಗಾಬರಿ ಬಿಟ್ಟುಬಿಡಿ. ವಾರ್ಡ್ ಬದಲಾಯಿತು ಅಂತ ಯಾವುದನ್ನೂ ಓಡಿಹೋಗಿ ಮಾಡಿಸಬೇಕಿಲ್ಲ. ತೆರಿಗೆ ರಶೀದಿಯಲ್ಲಿರುವ ಪಿಐಡಿ ನಂಬರಿನಲ್ಲಿ ಹಳೇ ವಾರ್ಡಿನ ಅಂಕಿ ಹಾಗೇ ಉಳಿದರೂ ತೊಂದರೆ ಇಲ್ಲ, ಅದು ಆಸ್ತಿಯ ಗುರುತು ಅಷ್ಟೇ. ವೋಟರ್ ಕಾರ್ಡಿನ ನಂಬರ್ ಅದೇ. ವಿಧಾನಸಭಾ ಕ್ಷೇತ್ರವೂ ಅದೇ, ಅದನ್ನು ಬದಲಿಸೋದು ಬೇರೆ ಆಯೋಗ, ಬೇರೆ ಕಾಯ್ದೆ. ಮತಗಟ್ಟೆ ಮಾತ್ರ ಬದಲಾಗಬಹುದು, ಪಟ್ಟಿ ಬಂದಾಗ ನೋಡಿಕೊಳ್ಳಿ. ದುಡ್ಡು ತಗೊಂಡು 'ವಾರ್ಡ್ ಬದಲಾವಣೆ ಮಾಡಿಸಿಕೊಡ್ತೀನಿ' ಅಂತ ಯಾರಾದರೂ ಬಾಗಿಲಿಗೆ ಬಂದರೆ ಕೊಡಬೇಡಿ.

ನಿಜವಾಗಿ ಬದಲಾಗೋದು ಏನು ಅಂದರೆ, ಚರಂಡಿ ತುಂಬಿದರೆ ಯಾವ ಇಂಜಿನಿಯರಿಗೆ ಫೋನ್ ಮಾಡಬೇಕು, ಯಾವ ಕಾರ್ಪೊರೇಟರ್ ಮನೆ ಮುಂದೆ ನಿಲ್ಲಬೇಕು, ಯಾವ ವಾರ್ಡ್ ಸಮಿತಿಯಲ್ಲಿ ಕೂರಬೇಕು, ಅನುದಾನ ಯಾವ ಕಡೆಗೆ ಬರುತ್ತೆ, ಇವು. ನಿಮ್ಮ ಪಾರ್ಕಿನ ದೀಪ ಕೆಟ್ಟರೆ ಇನ್ನು ಮೇಲೆ ಆ ಕಡೆಯವರು ದೂರು ಕೊಡಬೇಕು. ಸಣ್ಣದಲ್ಲ ಇದು, ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ.

ಹಾಗಾದರೆ ಎಂಥ ಆಕ್ಷೇಪಣೆ ಗೆಲ್ಲುತ್ತೆ? ನಾನು ಕಂಡ ಒಂದನ್ನು ಹೇಳುತ್ತೇನೆ.

ಒಂದು ಜಿಲ್ಲಾ ಕೇಂದ್ರದಲ್ಲಿ ಆಕ್ಷೇಪಣೆಯ ವಿಚಾರಣೆ. ಹೊರಗೆ ಘೋಷಣೆ, ಒಳಗೆ ಕೂಗಾಟ, ಫ್ಯಾನ್ ಬೇರೆ ತಿರುಗುತ್ತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬ ಹಿರಿಯರು ಬಂದರು, ಪಂಚೆ, ಕೈಯಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರ್. ಗೋಡೆಗೆ ಹಾಕೋ ದೊಡ್ಡ ದೇವರ ಕ್ಯಾಲೆಂಡರಿನ ಹಿಂಭಾಗದಲ್ಲಿ ತಮ್ಮ ಬಡಾವಣೆಯ ನಕ್ಷೆ ಬರೆದಿದ್ದರು. ಕಾಲುವೆಗೆ ನೀಲಿ, ನಾವು ಎಳೆದ ಗೆರೆಗೆ ಕೆಂಪು, ಅವರು ಕೇಳುತ್ತಿದ್ದ ಗೆರೆಗೆ ಹಸಿರು. ಮಗ್ಗುಲಲ್ಲಿ ನಾಲ್ಕು ಬ್ಲಾಕುಗಳ ನಂಬರ್, ಜನಸಂಖ್ಯೆ, ಕೂಡಿ ಕಳೆದ ಲೆಕ್ಕ. ನಿವೃತ್ತ ಮೇಷ್ಟ್ರು, ತಾವೇ ಗಣತಿ ಮಾಡಿದ್ದ ಬ್ಲಾಕುಗಳು, ನಂಬರ್ ಬಾಯಿಪಾಠ. 'ಸ್ವಾಮೀ, ನಿಮ್ಮ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಕಾಲುವೆ ಅಂತ ಇದೆ, ಆದರೆ ಕಾಲುವೆ ಇಲ್ಲಿ ಕವಲಾಗುತ್ತೆ, ನೀವು ಹಿಡಿದಿರೋದು ಯಾವ ಕವಲು?' ಅಂದರು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಚಕ್ಕುಬಂದಿ ಬರೆದವನು ನಾನೇ, ಜಾಗಕ್ಕೆ ಹೋಗದೆ ಹಳೇ ನಕ್ಷೆ ನೋಡಿ ಬರೆದಿದ್ದೆ. ಸಂಜೆ ಹೋಗಿ ನೋಡಿದರೆ ಎರಡು ಕವಲಿನ ಮಧ್ಯೆ ಒಂದು ಇಡೀ ಕೇರಿ ಇದೆ, ಅದು ಎರಡರಲ್ಲಿ ಯಾವ ವಾರ್ಡಿಗೂ ಸೇರಿರಲಿಲ್ಲ. ಅವರ ಹಸಿರು ಗೆರೆಯೇ ಅಂತಿಮ ಆಯಿತು. ಆ ಆಕ್ಷೇಪಣೆಗೆ ಇದ್ದದ್ದು ಒಂದೇ ಸಹಿ.

ಅದಕ್ಕೇ ಹೇಳೋದು, ಈ ಗೆರೆ ಬೇಡ ಅನ್ನೋದು ಅರ್ಧ ಆಕ್ಷೇಪಣೆ. ಯಾವ ಗೆರೆ ಬೇಕು, ಅದು ಹಾಕಿದರೆ ಎರಡೂ ವಾರ್ಡಿನ ಜನಸಂಖ್ಯೆ ಎಷ್ಟಾಗುತ್ತೆ ಅಂತ ನೀವೇ ಬರೆದು ಕೊಟ್ಟರೆ ಅಧಿಕಾರಿಯ ಕೆಲಸ ನೀವೇ ಮಾಡಿಕೊಟ್ಟ ಹಾಗೆ, ಅವನಿಗೂ ಇಲ್ಲ ಅನ್ನೋಕೆ ಕಾರಣ ಹುಡುಕಬೇಕಾಗುತ್ತೆ. ಉದಾಹರಣೆಗೆ ನಿಮ್ಮ ವಾರ್ಡಿನಲ್ಲಿ 23,400 ಜನ, ಪಕ್ಕದ್ದರಲ್ಲಿ 22,100 ಅಂದುಕೊಳ್ಳಿ. ನಿಮ್ಮ ಕಡೆಯ ಮೂರು ಬ್ಲಾಕುಗಳಲ್ಲಿ 1,850 ಜನ. ಆ ಮೂರನ್ನೂ ಪಾರ್ಕಿನ ಕಡೆಗೆ ಸೇರಿಸಿ ಅಂದರೆ ನಿಮ್ಮದು 21,550ಕ್ಕೆ ಇಳಿಯುತ್ತೆ, ಅದು 23,950ಕ್ಕೆ ಏರುತ್ತೆ. ಸರಾಸರಿಯಿಂದ ಶೇಕಡ ಹತ್ತರ ಒಳಗೇ ಇದೆ, ಯಾರೂ ತಕರಾರು ಮಾಡಲ್ಲ. ಹಾಗೆ ಸರಿಸಿದ ಗೆರೆ ಒಂದು ಮುಖ್ಯರಸ್ತೆಯ ಮೇಲೆ ಬಂದರೆ ಇನ್ನೂ ಒಳ್ಳೆಯದು. ಲೆಕ್ಕ ಮೀರಿದರೆ ಆ ಕಡೆಯಿಂದ ಎರಡು ಬ್ಲಾಕ್ ಈಚೆಗೆ ತಗೊಳ್ಳಿ ಅಂತ ವಿನಿಮಯ ಸೂಚಿಸಿ, ಆದರೆ ಆ ಎರಡು ಬ್ಲಾಕಿನ ಜನರನ್ನು ಮೊದಲು ಮಾತಾಡಿಸಿ. ಇಲ್ಲದಿದ್ದರೆ ಮಾರನೇ ದಿನ ಅವರ ಪತ್ರ ನಿಮ್ಮ ಪತ್ರದ ಮೇಲೆ ಕೂರುತ್ತೆ, ಗುಮಾಸ್ತ ಎರಡನ್ನೂ ಸೇರಿಸಿ 'ಪರಸ್ಪರ ವಿರುದ್ಧ' ಅಂತ ಒಂದೇ ಷರಾ ಬರೆದುಬಿಡುತ್ತಾನೆ.

ಹೇಗೆ ಬರೆಯಬೇಕು ಅನ್ನೋದಕ್ಕೆ ಹೆಚ್ಚು ಹೇಳೋದಿಲ್ಲ. ಎರಡು ಪುಟ ಸಾಕು. ಕರಡಿನ ವಾರ್ಡ್ ನಂಬರ್, ಚಕ್ಕುಬಂದಿಯ ಯಾವ ಸಾಲು ತಪ್ಪು, ಅದರ ಬದಲು ಏನು ಬರೆಯಬೇಕು ಅಂತ ಪೂರ್ತಿ ವಾಕ್ಯ. ನಕ್ಷೆ. ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ, ಮೇಲ್ ಕಳಿಸಿದರೂ ಒಂದು ಪ್ರತಿ ಕೈಯಲ್ಲಿ ಕೊಡಿ. ಹೆಸರು, ಮೀಸಲಾತಿ, ಕಸದ ಸಮಸ್ಯೆ ಯಾವುದನ್ನೂ ಅದೇ ಪತ್ರಕ್ಕೆ ತುರುಕಬೇಡಿ.

ಈಗ ಅಂತಿಮ ಆಗಿಹೋದ ಮೇಲೆ ನಿಮಗೆ ಏನಿದೆ? ಕೋರ್ಟ್ ವಿಚಾರ ಕೇಳಿದ್ದೀರಿ. ನಾನು ವಕೀಲ ಅಲ್ಲ, ಆದರೆ ಈ ಫೈಲುಗಳ ಜೊತೆ ಹೈಕೋರ್ಟಿನ ಮೆಟ್ಟಿಲು ಹತ್ತಿ ಇಳಿದವನು. ಸಂವಿಧಾನದ 243ಝಡ್‌ಜಿ ವಿಧಿ ಪಾಲಿಕೆ ವಾರ್ಡುಗಳ ವಿಂಗಡಣೆ ವಿಚಾರದಲ್ಲಿ ಕೋರ್ಟುಗಳ ಕೈ ಕಟ್ಟಿದೆ. 2022ರಲ್ಲಿ 243 ವಾರ್ಡುಗಳ ಗೆರೆ ಪ್ರಶ್ನೆ ಮಾಡಿದ ಅರ್ಜಿಗಳನ್ನು ಹೈಕೋರ್ಟ್ ವಜಾ ಮಾಡಿತು. ಅದೇ ತಿಂಗಳು ಮೀಸಲಾತಿ ಪಟ್ಟಿಯನ್ನು ಮಾತ್ರ ರದ್ದು ಮಾಡಿತು. ಅದರಲ್ಲೇ ವ್ಯತ್ಯಾಸ ನೋಡಿ. ಕಾನೂನಿನಲ್ಲಿ ಹೇಳಿದ ಕ್ರಮವನ್ನೇ ಬಿಟ್ಟಿದ್ದರೆ, ಅಂದರೆ ಕರಡು ಪ್ರಕಟಿಸದೆ, ಆಕ್ಷೇಪಣೆಗೆ ಸಮಯವೇ ಕೊಡದೆ ಮಾಡಿದ್ದರೆ ನಿಮ್ಮ ವಕೀಲರಿಗೆ ಹೇಳೋಕೆ ಏನಾದರೂ ಇರುತ್ತೆ. 'ನಮ್ಮ ಪಾರ್ಕ್ ಆ ಕಡೆ ಹೋಯಿತು' ಅನ್ನೋದಕ್ಕೆ ಪರಿಹಾರ ಸಿಗೋದು ಕಷ್ಟ. ಖರ್ಚು ನಿಮ್ಮದು.

ಇನ್ನೊಂದು ಅಪಾಯ ಹೆಚ್ಚಿನವರು ಯೋಚಿಸುವುದೇ ಇಲ್ಲ. ಕೇಸು ಬಿದ್ದರೆ ಚುನಾವಣೆ ಮುಂದೂಡೋಕೆ ಒಂದು ನೆಪ ಸಿಗುತ್ತೆ. ಹಳೇ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. 2025 ಮುಗಿದರೂ ಚುನಾವಣೆ ಆಗಿರಲಿಲ್ಲ, ಮಧ್ಯೆ ಮೂರು ಸಲ ಗೆರೆ ಎಳೆದರು. ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ, 2021ಕ್ಕೆ ಅವಧಿ ಮುಗಿಯಿತು, ಅಲ್ಲೂ ಇದೇ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು. ವಿಂಗಡಣೆ ನಡೆಯುತ್ತಿದೆ ಅನ್ನೋ ಕಾರಣಕ್ಕೆ ಚುನಾವಣೆ ನಿಲ್ಲಿಸಬೇಡಿ ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಕೇಸಿನಲ್ಲಿ ಸ್ಪಷ್ಟವಾಗಿ ಹೇಳಿದೆ, ಆದರೂ ಪರಿಸ್ಥಿತಿ ಇದು. ಸೊಟ್ಟ ಗೆರೆಯೊಳಗೆ ಒಬ್ಬ ಕಾರ್ಪೊರೇಟರ್ ಇರೋದು, ನೇರ ಗೆರೆಗೆ ಕಾಯುತ್ತಾ ಯಾರೂ ಇಲ್ಲದೆ ಇರೋದಕ್ಕಿಂತ ವಾಸಿ ಅಂತ ನನ್ನ ಅಭಿಪ್ರಾಯ. ಒಪ್ಪದವರಿದ್ದಾರೆ.

ನಾನು ನಿಮ್ಮ ಜಾಗದಲ್ಲಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಿದ್ದೆ. ಕೇಳಬೇಕಾದದ್ದು, ನಿಮ್ಮ ಆಕ್ಷೇಪಣೆಗೆ ರಿಜಿಸ್ಟರಿನಲ್ಲಿ ಬರೆದ ಷರಾದ ನಕಲು, ಎರಡೂ ವಾರ್ಡುಗಳ ಬ್ಲಾಕ್‌ವಾರು ಜನಸಂಖ್ಯೆ ಪಟ್ಟಿ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಅನ್ನೋ ನಿಯಮ ಇದೆ, ಹಾಗಾಗಿ ಎರಡು ಅರ್ಜಿ ಮಾಡಿ, ಇಲ್ಲದಿದ್ದರೆ ಅದನ್ನೇ ಹಿಡಿದು ವಾಪಸ್ ಕಳಿಸುತ್ತಾರೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಆ ಪಟ್ಟಿ ಈಗ ನಿಮಗೆ ಉಪಯೋಗಕ್ಕೆ ಬಾರದೇ ಇರಬಹುದು, ಆದರೆ 2027ರ ಗಣತಿಯ ಅಂಕಿ ಪ್ರಕಟವಾದ ಮೇಲೆ ಮತ್ತೆ ಗೆರೆ ಎಳೆಯುತ್ತಾರೆ, ಎಳೆಯಲೇಬೇಕು. ಆಗ ಹೊಸ ಬ್ಲಾಕುಗಳು ಬರುತ್ತವೆ. ಗಣತಿಗೆ ಬರುವ ಮೇಷ್ಟ್ರಿಗೆ ನಿಮ್ಮ ಬೀದಿಯಲ್ಲಿ ಒಂದು ಮನೆಯೂ ತಪ್ಪದ ಹಾಗೆ ನೋಡಿಕೊಳ್ಳಿ. ಬಾಡಿಗೆ ಹುಡುಗರು, ಮಹಡಿ ಮೇಲಿನ ಒಂಟಿ ರೂಮು, ವಾಚ್‌ಮನ್ ಕುಟುಂಬ, ಇವರೇ ತಪ್ಪಿಹೋಗೋದು.

ಪಾರ್ಕಿಗೆ ಮಾತ್ರ ಗೆರೆ ಅಡ್ಡ ಬರಬೇಕಿಲ್ಲ. ಗೇಟ್ ನಿಮಗೂ ತೆರೆದಿರುತ್ತೆ. ಆ ಕಡೆಯ ನಾಲ್ಕು ಮನೆಯವರನ್ನು ನಿಮ್ಮ ಸಂಘಕ್ಕೆ ಸೇರಿಸಿಕೊಂಡು, ದೂರು ಅವರ ಹೆಸರಲ್ಲಿ, ಓಡಾಟ ನಿಮ್ಮದು ಅಂತ ಮಾಡಿಕೊಂಡರೆ ನಡೆಯುತ್ತೆ. ಎರಡು ಕಾರ್ಪೊರೇಟರುಗಳನ್ನು ಒಬ್ಬರ ಮೇಲೊಬ್ಬರು ಎತ್ತಿಕಟ್ಟಿ ಕೆಲಸ ಮಾಡಿಸಿಕೊಂಡ ಗಡಿರಸ್ತೆಗಳೂ ನನಗೆ ಗೊತ್ತು, ಆದರೆ ಆ ವಿದ್ಯೆ ಹೇಳಿಕೊಡಬೇಕಿಲ್ಲ ಅಲ್ವಾ.

ನಿಮ್ಮ ಅಕ್ಕನ ಊರಿನ ವಿಚಾರ ಬೇರೆಯೇ, ಅಲ್ಲಿ ನಿಜವಾದ ಆಟ ಇದೆ. ಪುರಸಭೆಗಳಲ್ಲಿ ಇರೋದು 23 ಇಲ್ಲವೇ 27 ವಾರ್ಡ್. ಮೂವತ್ತು ಸಾವಿರ ಜನರ ಊರಾದರೆ ಒಂದು ವಾರ್ಡಿಗೆ 1,300 ಜನ, ಅಂದರೆ ಬರೀ ಎರಡು ಗಣತಿ ಬ್ಲಾಕ್. ಬೆಂಗಳೂರಿನಲ್ಲಿ ಒಂದು ಬೀದಿ ಆಚೀಚೆ ಆದರೆ ಫಲಿತಾಂಶ ಅಲ್ಲಾಡಲ್ಲ. ಅಲ್ಲಿ ಒಂದು ಬೀದಿ ಆಚೆ ಹೋದರೆ ಗೆಲ್ಲುವವರೇ ಬೇರೆ. ಹಾಗಾಗಿ ಕರಡು ಬರೋಕೆ ಮೊದಲೇ ಅಕ್ಕನ ಕಡೆಯವರು ತಮ್ಮ ಬೀದಿ ಯಾವ ಬ್ಲಾಕಿನಲ್ಲಿದೆ, ಜನ ಎಷ್ಟು ಅಂತ ಪಟ್ಟಿ ಕೈಯಲ್ಲಿ ಇಟ್ಟುಕೊಳ್ಳಲಿ.

ಹೊಸದಾಗಿ ಸೇರಿಸಿದ ಹಳ್ಳಿಯವರ ಗೋಳು ಇನ್ನೊಂದು. ಅವರಿಗೆ ಮನೆ ತೆರಿಗೆ ಏರುತ್ತೆ, ಹಳ್ಳಿಗೆ ಮಾತ್ರ ಸಿಗುವ ಉದ್ಯೋಗ ಖಾತ್ರಿ ಕೂಲಿ ಹೋಗುತ್ತೆ. ಅದು ಊರು ಸೇರಿಸಿದ್ದರಿಂದ ಆದದ್ದು, ವಾರ್ಡಿನ ಆಕ್ಷೇಪಣೆಯಲ್ಲಿ ಅದನ್ನು ಬರೆದರೆ ಫಲ ಇಲ್ಲ. ಅವರು ನೋಡಬೇಕಾದದ್ದು ತಮ್ಮ ಹಳ್ಳಿಯನ್ನು ಪೂರ್ತಿ ಒಂದು ವಾರ್ಡ್ ಮಾಡಿದ್ದಾರಾ, ಇಲ್ಲ ಅರ್ಧ ಅರ್ಧ ಮಾಡಿ ಪೇಟೆಯ ವಾರ್ಡುಗಳ ಬಾಲಕ್ಕೆ ಕಟ್ಟಿದ್ದಾರಾ ಅಂತ. ಎರಡನೆಯದಾದರೆ ಹಳ್ಳಿಗೆ ಒಬ್ಬ ಸದಸ್ಯನೂ ಸಿಗಲ್ಲ.

ಕರಡನ್ನು ಪುರಸಭೆಯ ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ಬಹಳ ಸಲ ಕಚೇರಿ ಬಾಗಿಲು ಹಾಕಿದ ಮೇಲೆ ಅಂಟಿಸುತ್ತಾರೆ. ಅಕ್ಕನ ಮನೆಯಿಂದ ಆ ಕಡೆ ದಿನಾ ಓಡಾಡುವವರು, ಹಾಲು ಹಾಕುವವರೋ ಪೇಪರ್ ಹುಡುಗನೋ ಇದ್ದರೆ ಫೋಟೊ ಹೊಡೆದು ಕಳಿಸೋಕೆ ಹೇಳಿಡಿ, ಆಕ್ಷೇಪಣೆಗೆ ಕೊಟ್ಟ ದಿನಗಳ ಎಣಿಕೆ ಆ ದಿನದಿಂದಲೇ ಶುರುವಾಗುತ್ತೆ.